ಕನ್ನಡಿಯಲ್ಲೊಂದು ಉಬ್ಬು

ಶುಕ್ರವಾರ ಸಂಜೆ ಚಂದ್ರನ ಗುಳಿಗಳನ್ನು ತೋರಿಸುತ್ತೇನೆಂದು ಹನೂರಿನ ನಮ್ಮ ಶಾಲೆಯ ಮಕ್ಕಳೆದುರು ಮೈಕ್ ಹಿಡಿದು ಘೋಷಿಸಿದವನು ನಾನೇ. ವಿಜ್ಞಾನದ ಮೇಷ್ಟ್ರು! ದೂರದರ್ಶಕಕ್ಕೆ ಬೇಕಾದ ಮೊರದಗಲದ ಕನ್ನಡಿಯನ್ನು ಕೊಳ್ಳೇಗಾಲದ ಮನೆಯಲ್ಲೇ ಉಜ್ಜಿ ಉಜ್ಜಿ ತಯಾರಿಸಿದ್ದೆ. ಅದು ಬಟ್ಟಲಿನಂತೆ ಬರೀ ದುಂಡಗಿದ್ದರೆ ಸಾಲದು. ನಡುವೆ ಒಂಚೂರು, ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆಯಷ್ಟು, ಹೆಚ್ಚು ಆಳವಿರಬೇಕು. ಅಳೆಯುವುದು ಸುಲಭ. ಕೋಣೆ ಕತ್ತಲು ಮಾಡಿ, ಸಣ್ಣ ತೂತಿನಿಂದ ಕನ್ನಡಿಗೆ ಬೆಳಕು ಬಿಟ್ಟು, ಮರಳಿ ಬರುವ ಬೆಳಕಿಗೆ ಬ್ಲೇಡು ಅಡ್ಡ ಹಿಡಿದರೆ ಉಬ್ಬುತಗ್ಗುಗಳ ನೆರಳು ಕಾಣುತ್ತದೆ.

ಸೋಮವಾರ ಸಂಜೆ ಕನ್ನಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಕಿಟಕಿಗೆ ಕಂಬಳಿ ಕಟ್ಟಿದೆ. ಬ್ಲೇಡು ಹಿಡಿದೆ. ಕೆಳ ಅಂಚಿನಲ್ಲಿ ಉಬ್ಬು!

ನಿನ್ನೆ ಇರಲಿಲ್ಲ. ಯಾರೋ ಮುಟ್ಟಿದ್ದಾರೆ! ಮೊದಲ ಆರೋಪಿ ಹೆಂಡತಿ ಮಂಜುಳ.

"ನಿಜ ಹೇಳು, ಇದ್ರಲ್ಲಿ ತಲೆ ಬಾಚ್ಕೊಂಡ್ಯಾ?"

"ಅದ್ರಲ್ಲಿ ನನ್ನ ಮೂಗು ಕುಂಬಳಕಾಯಿ ಅಂಗೆ ಕಾಣ್ತದೆ. ನಂಗ್ಯಾಕೆ ಬೇಕು ಆ ಸಂಕಟ?"

ಉಬ್ಬನ್ನು ಉಜ್ಜಿ ತೆಗೆದೆ. ಮರುದಿನ ಸಂಜೆ ಮತ್ತೆ ಉಬ್ಬು! ಬೆಕ್ಕನ್ನು ಶಂಕಿಸಿದೆ. ಗಾಜು ಮಾರಿದ ಯಳಂದೂರಿನ ಅಂಗಡಿಯವನನ್ನು ಶಂಕಿಸಿದೆ. ಕೋಣೆಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಬಸ್ ಹತ್ತಿದೆ. ಶಂಕೆಗೆ ಸಿಗದವರು ಪಕ್ಕದ ಮನೆಯ ಚಿಕ್ಕತಾಯಮ್ಮ ಒಬ್ಬರೇ. ಪಾಪ, ದೈವಭಕ್ತೆ. ಸಂಜೆಯಾದರೆ ಅವರ ಸಾಂಬ್ರಾಣಿಯ ಘಮ ನಮ್ಮ ಕೋಣೆಗೂ ಬರುತ್ತಿತ್ತು.

ಗುರುವಾರವೂ ಉಬ್ಬು! ಕಳ್ಳನನ್ನು ಹಿಡಿದೇ ಬಿಡೋಣವೆಂದು ಕಂಬಳಿ ಸರಿಸಿದೆ. ಕಿಟಕಿಯ ಕೆಳಗೆ ಚಿಕ್ಕತಾಯಮ್ಮ ಬಾಣಲೆಯ ತುಂಬ ಕೆಂಡವಿಟ್ಟು ಬೀಸುತ್ತಿದ್ದರು.

"ಇದೇನಮ್ಮಾ?"

"ಇನ್ನೇನ್ ಮಾಡದು ಮೇಷ್ಟ್ರೇ? ದಿನಾ ಕಿಟ್ಕಿಗೆ ಕಂಬ್ಳಿ, ಒಳಗೆ ಕತ್ಲು, ಸಂದಿಲಿ ಇಣುಕುದ್ರೆ ಕೈಲಿ ಬ್ಲೇಡು! ಯಾರ್ ಮ್ಯಾಲೆ ಮಾಟ ಮಾಡ್ತಿದ್ದೀರೋ ಏನೋ. ಅದ್ಕೇ ನಿಮ್ಮ ಕಿಟ್ಕಿ ಕೆಳ್ಗೇ ಸಾಂಬ್ರಾಣಿ ಆಕ್ತಾ ಇವ್ನಿ."

ಕನ್ನಡಿಯ ಕೆಳ ಅಂಚು ಮುಟ್ಟಿ ನೋಡಿದೆ; ಬೆಚ್ಚಗಿತ್ತು. ಕೆಂಡದ ಕಾವಿಗೆ ಗಾಜಿನ ಅಂಚು ಹಿಗ್ಗುತ್ತಿತ್ತು, ಅಷ್ಟೇ. ಇಲ್ಲದ ಉಬ್ಬನ್ನು ನಾನು ದಿನವೂ ಉಜ್ಜಿದ್ದೆ! ಕನ್ನಡಿ ತಣಿದ ಮೇಲೆ ಅಳೆದರೆ, ಉಬ್ಬಿದ್ದ ಕಡೆ ಸೊಗಸಾದ ಗುಳಿ.

ಶುಕ್ರವಾರ ಸಾಲಿನಲ್ಲಿ ಮೊದಲು ನಿಂತಿದ್ದ ಹುಡುಗಿ ಕಣ್ಣಿಟ್ಟು ನೋಡಿ, "ಸಾ, ಚಂದ್ರ ಬೆಂದೋದ ಮುದ್ದೆ ಅಂಗವ್ನೆ!" ಎಂದಳು. ಹೆಡ್‌ಮಾಸ್ಟರು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಾಚಿಕೆಯಿಂದ ನಾನು ಮೈಕಿನ ಕಡೆ ಮುಖವೆತ್ತಲಿಲ್ಲ.

ಮನೆಗೆ ಬಂದರೆ ಗೇಟಿನಲ್ಲೇ ಚಿಕ್ಕತಾಯಮ್ಮ. "ಏನಾರ ಕಾಣುಸ್ತಾ ಮೇಷ್ಟ್ರೇ?"

"ಏನೂ ಕಾಣಿಸ್ಲಿಲ್ಲಮ್ಮ."

"ನೋಡುದ್ರಾ, ನನ್ನ ಸಾಂಬ್ರಾಣಿ ಎಂಗದೆ!"

ಮಾಟ ಮಂತ್ರವೆಲ್ಲ ಸುಳ್ಳೆಂದು ಭಾಷಣ ಬಿಗಿಯಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಎಷ್ಟೆಂದರೂ ವಿಜ್ಞಾನದ ಮೇಷ್ಟ್ರು; ಆಕೆಯ ಸಾಂಬ್ರಾಣಿ ಕೆಲಸ ಮಾಡಿದ್ದಂತೂ ನಿಜ.