ಅತ್ತಿಗೆ ಬರೆದ ಸ್ಕ್ರಿಪ್ಟು

ನಮ್ಮ ಅತ್ತಿಗೆಯಂಥ ಸಾಧು ಹೆಂಗಸು ಸಾಗರ ಪೇಟೆಯಲ್ಲೇ ಇಲ್ಲ ಎನ್ನುವವರು ಒಂದು ವಾರ ಅವರ ಪಕ್ಕದಲ್ಲಿ ಕೂತು ಕೋಡ್ ಬರೆಯಲಿ. ಆಮೇಲೆ ಮಾತಾಡೋಣ! ನಾನು ನಾಲ್ಕು ವರ್ಷದಿಂದ ಕೂತಿದ್ದೇನೆ. ಬಸ್‌ಸ್ಟ್ಯಾಂಡ್ ಹತ್ತಿರ, ಔಷಧಿ ಅಂಗಡಿಯ ಮೇಲೆ ನಮ್ಮಿಬ್ಬರದೇ ಆಫೀಸು. ಸುತ್ತಲಿನ ಊರುಗಳ ಅಂಗಡಿ, ಹೋಂಸ್ಟೇ, ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಅಂದರೆ, ನಾನು ಮಾಡುತ್ತೇನೆ. ಅತ್ತಿಗೆ ತಪ್ಪು ಹುಡುಕುತ್ತಾರೆ.

ಹುಡುಕುವುದಾದರೂ ಎಂಥ ತಪ್ಪು! ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದೆಯಂತೆ. ಕಣ್ಣಿಗೇ ಕಾಣದ್ದು ಉಳಿದರೆ ಯಾರಪ್ಪನ ಗಂಟು ಹೋಗುತ್ತದೆ? ಒಮ್ಮೆ ಹೋಟೆಲಿನಲ್ಲಿ ಗೋಡೆಯ ಮೇಲಿನ ತಿಂಡಿಪಟ್ಟಿ ನೋಡಿ, "ದರ ಎಲ್ಲ ಒಂದೇ ನೇರಕ್ಕೆ ಬರೀಬೇಕಲ್ವಾ?" ಎಂದು ಎದ್ದು ಬಳಪ ಕೇಳಿದರು. ಪಟ್ಟಿ ಓರಣವಾಯಿತು. ಅಷ್ಟರಲ್ಲಿ ನಮ್ಮ ದೋಸೆ ಬೇರೆ ಟೇಬಲ್ಲಿಗೆ ಹೋಗಿತ್ತು!

ಕೋಡಿನ ತಪ್ಪು ತೋರಿಸುವ, ಸಾಲುಗಳನ್ನು ಓರಣ ಮಾಡುವ ಪ್ರೋಗ್ರಾಂಗಳಿವೆ. ಪ್ರತಿ ಹೊಸ ಕೆಲಸಕ್ಕೂ ಅವನ್ನು ಕೂರಿಸಲು ಅರ್ಧ ದಿನ ಬೇಕಿತ್ತು. ನಾನು 'ನಾಳೆ ಕೂರಿಸ್ತೀನಿ' ಎನ್ನುತ್ತ ವೆಬ್‌ಸೈಟನ್ನೇ ಮುಗಿಸಿಬಿಡುತ್ತಿದ್ದೆ. ಇದು ಗೊತ್ತಾದದ್ದೇ ತಡ, ಅತ್ತಿಗೆ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದರು. ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕು, ನಿಯಮಗಳೆಲ್ಲ ತಾವಾಗಿ ಬಂದು ಕೂರುತ್ತವೆ. ಆಮೇಲೆ ತಪ್ಪಿರುವ ಕೋಡನ್ನು ಒಳಗೆ ಸೇರಿಸಿಕೊಳ್ಳುವುದೇ ಇಲ್ಲ!

ತೀರ್ಥಹಳ್ಳಿಯ ದಂತವೈದ್ಯರೊಬ್ಬರ ವೆಬ್‌ಸೈಟ್ ಮುಗಿಸಿಕೊಡುವ ದಿನ ಆ ಸ್ಕ್ರಿಪ್ಟು ನನ್ನನ್ನು ಹನ್ನೊಂದು ಸಲ ತಡೆಯಿತು. ಕೀಬೋರ್ಡ್ ಕುಟ್ಟಿದೆ.

"ಅತ್ತಿಗೆ, ಇದನ್ನ ತೆಗೀರಿ! ನಾನೇನು ಒಂದನೇ ಕ್ಲಾಸಾ?"

"ಎಂತ ತಪ್ಪು ಅಂತ ಅದೇ ಹೇಳ್ತದಲ್ಲ ಮಾರಾಯ, ಓದು."

"ಓದಲ್ಲ!"

ಓದಲಿಲ್ಲ. ಅವರು ಟೀ ಹೇಳಲು ಕೆಳಗಿಳಿದಾಗ ತಪಾಸಣೆ ತಪ್ಪಿಸಿ ಕೋಡನ್ನು ಒಳಗೆ ತಳ್ಳಿದೆ. ಆಹಾ, ಎಂಥ ಸ್ವಾತಂತ್ರ್ಯ!

ಅದು ಬುಧವಾರದವರೆಗೆ ಬಾಳಿತು. ಭಾನುವಾರ ವೈದ್ಯರಿಗೆ ರಜೆ. ಕೋಡಿನಲ್ಲಿ 'ಇಂದು ಭಾನುವಾರವೇ?' ಎಂದು ಕೇಳಬೇಕಾದ ಕಡೆ, ಎರಡು ಸಮ ಚಿಹ್ನೆ ಹಾಕುವಲ್ಲಿ ಒಂದೇ ಹಾಕಿ, 'ಇಂದು ಭಾನುವಾರ!' ಎಂದು ನಾನು ಅಪ್ಪಣೆ ಕೊಟ್ಟಿದ್ದೆ. ಸ್ಕ್ರಿಪ್ಟು ತಡೆದದ್ದು ಇದನ್ನೇ. ವೆಬ್‌ಸೈಟ್ ಸೋಮವಾರವೂ ರಜೆ ಎಂದಿತು, ಮಂಗಳವಾರವೂ ರಜೆ ಎಂದಿತು. ವೈದ್ಯರು ಖಾಲಿ ಕುರ್ಚಿ ನೋಡುತ್ತ ಕೂತರು. ಹೊಸನಗರದ ಅಜ್ಜಿಯೊಬ್ಬರು, ಮೊಮ್ಮಗಳು ಮೊಬೈಲ್ ನೋಡಿ ರಜೆ ಎಂದದ್ದನ್ನು ನಂಬಿ, ಊದಿದ ಕೆನ್ನೆ ಹಿಡಿದು ಎರಡು ದಿನ ಕಾದರಂತೆ.

ವೈದ್ಯರ ಫೋನು ಬಂತು. ಅವರ ಕೂಗು ಅತ್ತಿಗೆಯ ಕಿವಿ ದಾಟಿ ನನಗೂ ಕೇಳಿಸಿತು.

"ಯಾರ್ರೀ ಇದನ್ನ ಮಾಡಿದ್ದು?"

ಅತ್ತಿಗೆಯ ಪರದೆಯಲ್ಲಿ ಆ ಸಾಲು ತೆರೆದಿತ್ತು. ಪಕ್ಕದಲ್ಲೇ ಬರೆದವನ ಹೆಸರು, ನನ್ನದು. ನನ್ನ ಕಡೆ ತಿರುಗಿಯೂ ನೋಡದೆ, "ನಾನೇ ಸಾರ್. ನಂದೇ ತಪ್ಪು," ಎಂದರು. ಎರಡೇ ನಿಮಿಷದಲ್ಲಿ ಸರಿಪಡಿಸಿದರು. ಅಜ್ಜಿಯ ನಂಬರು ಕೇಳಿ ಪಡೆದು, ಅವರ ಹತ್ತಿರವೂ ಕ್ಷಮೆ ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ಬೈಯಬಾರದಿತ್ತೇ? ನಾಲ್ಕು ಮಾತು ಅಂದಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ!

"ಯಾಕೆ ಸುಳ್ಳು ಹೇಳಿದ್ರಿ?" ಎಂದು ನಾನೇ ಜಗಳಕ್ಕೆ ನಿಂತೆ.

ಅತ್ತಿಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ನೀನಿನ್ನೂ ಎಷ್ಟೋ ಕಡೆ ನಿನ್ನ ಹೆಸರು ಹಾಕೋದಿದೆ ಕಣೋ. ಇದೊಂದು ಕಡೆ ನಂದಿರ್ಲಿ ಬಿಡು."

ನನ್ನ ಕುರ್ಚಿಯನ್ನು ಅವರ ಪರದೆಯ ಮುಂದಕ್ಕೆ ಎಳೆದುಕೊಂಡೆ.

"ಆ ನಿಯಮಗಳೆಲ್ಲ ಎಂತಕ್ಕೆ ಅಂತ ಒಂದೊಂದೇ ಹೇಳಿ ಅತ್ತಿಗೆ," ಎಂದೆ.