ನಿಧಾನವಾಗಿ ಓಡಿಸಿ

ಗುಮಾಸ್ತರು ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು. ಕಾರ್ಖಾನೆಯ ಮುಂದೆ ಲಾರಿಗಳು ಹುಚ್ಚು ಹಿಡಿದಂತೆ ನುಗ್ಗುತ್ತಿದ್ದವು. ನಿಧಾನವಾಗಿ ಓಡಿಸಿ ಎಂದು ಇಂಗ್ಲಿಷಿನಲ್ಲಿ ಒಂದು ಬೋರ್ಡು ಬರೆಸಲು ಮ್ಯಾನೇಜರು ಅವರಿಗೇ ಹೇಳಿದ್ದರು.

"ಸಂಜೆಯೊಳಗೆ ಮುಗಿಸಿ. ಆಮೇಲೆ ಒಳಗೆ ಖಾಲಿ ಇರೋ ಕುರ್ಚಿ ವಿಷಯ ನೋಡೋಣ."

ವರ್ಷಗಟ್ಟಲೆ ಗೇಟಿನ ಗೂಡಿನಲ್ಲಿ ಧೂಳು ಕುಡಿದ ಗುಮಾಸ್ತರಿಗೆ ಆ ಕುರ್ಚಿಯೂ ಅದರ ಮೇಲಿನ ಫ್ಯಾನೂ ಕನಸಿನಲ್ಲೆಲ್ಲ ಬರುತ್ತಿದ್ದವು.

ಪೇಂಟರು 'ಡ್ರೈವ್ ಸ್ಲೋ' ಎಂದು ಬರೆದು ಮುಗಿಸಿ ಬ್ರಷ್ ತೊಳೆಯಲು ಹೊರಟ.

"ತಡಿಯಪ್ಪ! ಸ್ಲೋ ಅನ್ನೋದು ನಾಮವಿಶೇಷಣ. ಇಲ್ಲಿ ಬೇಕಾಗಿರೋದು ಕ್ರಿಯಾವಿಶೇಷಣ. ಸ್ಲೋಲಿ ಅಂತ ಬರಿ," ಎಂದರು ಗುಮಾಸ್ತರು. ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದಿದ್ದು ಅವರಿಗೆ ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ.

ಪೇಂಟರು 'ಲಿ' ಸೇರಿಸಿದ. ಅಷ್ಟರಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರು ಟವೆಲ್ ಹೊದ್ದುಕೊಂಡೇ ಓಡಿಬಂದರು.

"ಯಾರ್ರೀ ನಿಮಗೆ ಹೇಳಿದ್ದು? ಬೋರ್ಡಲ್ಲಿ ಸ್ಲೋ ಅಂದ್ರೆ ಅದೇ ಕ್ರಿಯಾವಿಶೇಷಣದ ಕೆಲಸಾನೂ ಮಾಡುತ್ತೆ. ಅಳಿಸಯ್ಯ!"

ಪೇಂಟರು ಅಳಿಸಿದ. ಆಫೀಸಿನಿಂದ ಟೈಪಿಸ್ಟಮ್ಮ ಇಳಿದುಬಂದರು. "ಕ್ವಿಕ್ಲಿ ಅಂತೀವಲ್ಲ, ಹಾಗಾದ್ರೆ ಸ್ಲೋಗ್ಯಾಕೆ ಬೇಡ? ಹಾಕಪ್ಪ 'ಲಿ'ನ!"

ಪೇಂಟರು ಮತ್ತೆ ಹಾಕಿದ. ಗಲಾಟೆ ಕಂಡು ಲಾರಿಯೊಂದು ನಿಂತಿತು. "ಸ್ಲೋನೇ ಸರಿ ಸಾರ್. ದಾರಿಯುದ್ದಕ್ಕೂ ಹಂಗೇ ಇರುತ್ತೆ," ಎಂದ ಡ್ರೈವರು. ಹಿಂದಿನ ಲಾರಿಯವನು ತಲೆ ಹೊರಗೆ ಹಾಕಿ, "ನನ್ನ ಮಗಳು 'ಲಿ' ಬಿಟ್ಟಿದ್ದಕ್ಕೆ ಟೀಚರ್ ಮಾರ್ಕ್ಸ್ ಕಿತ್ಕೊಂಡ್ರು!" ಎಂದು ಕೂಗಿದ.

ಬಂದವರೆಲ್ಲ ನಿಂತು ತೀರ್ಪು ಕೊಟ್ಟೇ ಮುಂದೆ ಹೋದರು. ಒಬ್ಬೊಬ್ಬರ ಮಾತಿಗೂ ಗುಮಾಸ್ತರು ತಲೆಯಾಡಿಸಿದರು. ಸಂಜೆಯ ಹೊತ್ತಿಗೆ ಬೋರ್ಡು ಮಸಿಬಟ್ಟೆಯ ಹಾಗಾಗಿತ್ತು, ಪೇಂಟರು ಡಬ್ಬ ಬಿಟ್ಟು ಓಡಿಹೋಗಿದ್ದ. ಆಗಲೇ ಮ್ಯಾನೇಜರ ಕಾರು ತೆವಳುತ್ತ ಬಂತು. ಕುರ್ಚಿ ಕೈತಪ್ಪಿತೆಂದೇ ಗುಮಾಸ್ತರಿಗೆ ಖಾತ್ರಿಯಾಯಿತು. ನನ್ನ ಬಾಯಿಗೆ ಮೊದಲು ಬಣ್ಣ ಬಳಿಯಬೇಕಿತ್ತು ಎಂದುಕೊಂಡರು.

ಮ್ಯಾನೇಜರು ಇಳಿದು, ಬೋರ್ಡು ನೋಡಿದರು. ಸಾಲಾಗಿ ಆಮೆಯಂತೆ ಬರುತ್ತಿದ್ದ ಲಾರಿಗಳನ್ನು ನೋಡಿದರು.

"ಭೇಷ್! ಇವತ್ತು ಒಂದು ಗಾಡಿನೂ ಜೋರಾಗಿ ಹೋಗಿಲ್ವಂತೆ!"

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. "ಸಾರ್, ಹಾಗಾದ್ರೆ ಆ ಕುರ್ಚಿ..."

"ನಿಮಗೇ ಕಣ್ರೀ! ಈಗ್ಲೇ ತರಿಸ್ತೀನಿ."

ಕಾವಲುಗಾರ ಕುರ್ಚಿ ಹೊತ್ತು ತಂದ. ಮ್ಯಾನೇಜರು ಅದನ್ನು ಬೋರ್ಡಿನ ಕೆಳಗೆ, ರಸ್ತೆಯ ಅಂಚಿಗೆ ಹಾಕಿಸಿದರು.

"ನಾಳೆಯಿಂದ ಇಲ್ಲೇ ಕೂತ್ಕೊಂಡು ಈ ವಾದ ನಡೆಸ್ತಾ ಇರಿ. ತೀರ್ಮಾನ ಮಾತ್ರ ಆಗಬಾರದು, ನೋಡಿ!"

ಗುಮಾಸ್ತರು ಕೂತರು. ಲಾರಿಯೊಂದು ಪಕ್ಕದಲ್ಲೇ ನಿಂತು, ಮುಖದ ತುಂಬ ಹೊಗೆ ಬಿಟ್ಟಿತು.

"ಏನ್ ಸಾರ್, ಕೊನೆಗೆ ಯಾವುದು ಸರಿ ಅಂದ್ರು?"