ಮೂರು ಕಾಲಿನ ಆಯುಧ

ಎರಡು ಫೋಟೋ ಎರಡು ಕಡೆ ಹೋಗಬೇಕಿತ್ತು. ಮಧ್ಯಾಹ್ನ ಎರಡು ಗಂಟೆ, ರತ್ನಾವತಿಯ ಕೈತುಂಬ ಅಕ್ಕಿಹಿಟ್ಟು. ಕಿರುಬೆರಳಿನಿಂದಲೇ ಎರಡನ್ನೂ ಕಳಿಸಿ, ಫೋನನ್ನು ಫ್ರಿಜ್ ಮೇಲಿಟ್ಟು, ಹಿಟ್ಟಿನ ಉಂಡೆಗಳನ್ನು ಹಬೆಯಲ್ಲಿ ಬೇಯಲಿಟ್ಟಳು.

ಒಂದು ಫೋಟೋ ಅವಳ ತಾಯಿ ಕೊಟ್ಟ ಶ್ಯಾವಿಗೆ ಮಣೆಯದು. ಕಬ್ಬಿಣದ ಮೂರು ಕಾಲು, ನಡುವೆ ಹಿತ್ತಾಳೆಯ ಕೊಳವೆ, ಮೇಲೆ ತಿರುಗಿಸುವ ಹಿಡಿ. ಒಂದು ಕಾಲು ಸಡಿಲ. ಅದು ಅಂಬರನಾಥದ ವೆಲ್ಡಿಂಗಿನವನಿಗೆ. ಇನ್ನೊಂದು, ಯಾವುದೋ ದೇಶದ ಹಳೆಯ ಮೋರ್ಟಾರ್ ತೋಪಿನ ಫೋಟೋ. ಅದು 'ಗುರುತಿಸಿ ನೋಡೋಣ' ಗುಂಪಿಗೆ.

ಮಗ ಸುಜನ್ ಯಾವಾಗಲೋ ತಮಾಷೆಗೆ ಸೇರಿಸಿದ್ದ ಗುಂಪು ಅದು. ದಿನಕ್ಕೊಂದು ಯುದ್ಧವಿಮಾನವೋ ಆಯುಧವೋ ಬರುತ್ತದೆ, ಹೆಸರು ಹೇಳಬೇಕು. ಬಾಲ ನೋಡಿ ಮೀನು ಆರಿಸುವವಳಿಗೆ ವಿಮಾನ ಏನು ಮಹಾ? ನೋಡುನೋಡುತ್ತ ಮೊದಲ ಸ್ಥಾನಕ್ಕೆ ಬಂದಿದ್ದಳು. ಆರ್. ಜಿ. ಶೆಟ್ಟಿ ಎಂಬ ಹೆಸರು ಕಂಡು ನಾನೂರು ಜನರೂ ಇವರು ನಿವೃತ್ತ ಸೇನಾಧಿಕಾರಿ ಎಂದೇ ನಂಬಿದ್ದರು. ಮನೆಯಲ್ಲಿ ಮೂವತ್ತು ವರ್ಷಗಳಿಂದ ಅವಳನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ, "ಟವೆಲ್ ಎಲ್ಲಿ?" ಅಲ್ಲಿ ಮಾತ್ರ, "ಶೆಟ್ಟಿ ಸರ್, ನಿಮ್ಮ ಅಭಿಪ್ರಾಯ?"

ಇಂದು ಕೊನೆಯ ಸುತ್ತು. ಪ್ರಶ್ನೆ ಅವಳದು. ನಾಲ್ಕು ಗಂಟೆಯೊಳಗೆ ಯಾರೂ ಸರಿ ಉತ್ತರ ಹೇಳದಿದ್ದರೆ ಈ ವರ್ಷದ 'ಏರ್ ಮಾರ್ಷಲ್' ಪಟ್ಟ ಅವಳಿಗೆ. ಹೇಳಿದರೆ, ಹೇಳಿದವರಿಗೆ. ಒಂದೇ ಅಂಕ ಹಿಂದೆ ಫಾಲ್ಕನ್ ಎಂಬವನೊಬ್ಬ ಹದ್ದಿನಂತೆ ಕಾದಿದ್ದ.

ಮೂರಕ್ಕೆ ಕೈ ತೊಳೆದು ಫೋನು ನೋಡಿದಳು. ಗುಂಪಿನಲ್ಲಿ ಶ್ಯಾವಿಗೆ ಮಣೆ ಕುಳಿತಿತ್ತು! ಒಮ್ಮೆ ಹಾಕಿದ ಚಿತ್ರ ಬದಲಿಸುವ ಹಾಗಿಲ್ಲ. ಕೆಳಗೆ ಅರುವತ್ತು ಉತ್ತರಗಳು: ಇಟಲಿಯ ಮೋರ್ಟಾರ್, ಜಪಾನಿನ ಗ್ರೆನೇಡ್ ಲಾಂಚರ್... ಫಾಲ್ಕನ್ ಬರೆದಿದ್ದ: 'ಇನ್ನೂ ಯೋಚಿಸುತ್ತಿದ್ದೇನೆ, ಸರ್.'

ರತ್ನಾವತಿಗೆ ಮೆಲ್ಲನೆ ನಗು ಬಂತು. ಯೋಚಿಸು ಮಾರಾಯ, ಏಳು ಜನ್ಮ ಯೋಚಿಸು.

ಆಮೇಲೆ ಹೊಳೆಯಿತು. ಹಾಗಾದರೆ ಅಂಬರನಾಥಕ್ಕೆ ಹೋದದ್ದು? ಮೋರ್ಟಾರ್. ಅದರ ಕೆಳಗೆ ಅವಳೇ ಬರೆದ ಸಾಲು: 'ಇದರ ಒಂದು ಕಾಲು ಸಡಿಲ. ಶನಿವಾರ ನಲವತ್ತು ಜನ ಸೇರುತ್ತಾರೆ. ಅಷ್ಟರೊಳಗೆ ರೆಡಿ ಬೇಕು.'

ಕಾಲಿಂಗ್ ಬೆಲ್ ಹೊಡೆಯಿತು.

ಬಾಗಿಲಲ್ಲಿ ಪೊಲೀಸ್ ಹವಾಲ್ದಾರ ಸುನಿಲ; ವೆಲ್ಡಿಂಗಿನವನು ಠಾಣೆಗೆ ದೂರು ಮುಟ್ಟಿಸಿದ್ದ. ಅವನ ಹಿಂದೆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಯಶ್ವಂತ್, ಅವರ ಹಿಂದೆ ಪಕ್ಕದ ಮನೆಯ ಜಯಲತಾ, ರೈಲು ಬಂದಾಗಿನ ಪ್ಲಾಟ್‌ಫಾರ್ಮಿನಂತೆ ಮತ್ತಷ್ಟು ತಲೆಗಳು.

"ಮಾವ್ಶಿ, ಫೋನ್ ದ್ಯಾ," ಎಂದು ಹವಾಲ್ದಾರ ಫೋನು ಕಸಿದುಕೊಂಡ. ವೆಲ್ಡಿಂಗಿನವನಿಗೆ ಹೋದ ಫೋಟೋ ನೋಡಿದ್ದೇ, "ಎಂಬತ್ತೊಂದು ಮಿಲಿಮೀಟರ್!" ಎಂದು ಹುಬ್ಬೇರಿಸಿದ. "ಎಲ್ಲಿದೆ ಇದು?"

"ಶೆಟ್ಟಿ ಭಾಭಿ, ಸೊಸೈಟಿಯ ಎನ್ಒಸಿ ಇಲ್ಲದೆ ಇಂಥದ್ದೆಲ್ಲ ಇಡೋ ಹಾಗಿಲ್ಲ," ಎಂದರು ಯಶ್ವಂತ್.

"ಅಕ್ಕಾ, ಎಂತ ಮಾಡಿದ್ರಿ ನೀವು? ನಲವತ್ತರಲ್ಲಿ ನಾವು ನಾಲ್ಕು ಜನ ಇದ್ದೇವಾ?" ಜಯಲತಾ ಮುಂದೆ ನುಗ್ಗಿ ಬಂದಳು.

"ಪೂಜೆಯ ಊಟಕ್ಕೆ ಮಾರಾಯ್ತಿ, ನಿನ್ನನ್ನು ಕರೆದಿಲ್ವಾ?"

ಕಲ್ಯಾಣದ ಹೋಟೆಲಿನಲ್ಲಿದ್ದ ಗಂಡ ಗುಣಪಾಲನಿಗೆ ಫೋನು ಹಚ್ಚಿದರು. "ಗಲ್ಲಾದಲ್ಲಿ ರಶ್ ಉಂಟು. ಅವಳಿಗೆ ಎಂತ ಗೊತ್ತುಂಟು ಮೋರ್ಟಾರು?" ಎಂದು ಇಟ್ಟುಬಿಟ್ಟ. ನಿರಪರಾಧಿ ಎನ್ನಲು ಆಡಿದ ಮಾತೇ. ಆದರೂ ಅವಳಿಗೆ ಚುಚ್ಚಿತು.

ಗಂಟೆ ಮೂರೂವರೆ. ನಾಲ್ಕಕ್ಕೆ ಉತ್ತರ ಹಾಕಲು ಫೋನು ಕೈಯಲ್ಲಿರಬೇಕು. ಹವಾಲ್ದಾರನೂ ಗಳಿಗೆಗೊಮ್ಮೆ ತನ್ನ ಫೋನನ್ನು ನೋಡಿಕೊಳ್ಳುತ್ತಿದ್ದ.

ರತ್ನಾವತಿ ಶ್ಯಾವಿಗೆ ಮಣೆಯನ್ನು ಹೊತ್ತು ತಂದು ನಡುಮನೆಯಲ್ಲಿಟ್ಟಳು. ಸುನಿಲ ಎರಡು ಹೆಜ್ಜೆ ಹಿಂದೆ ಸರಿದ. ಅನಂತರ ಮಣೆಯನ್ನು ರೆಪ್ಪೆ ಮಿಟುಕಿಸದೆ ನೋಡತೊಡಗಿದ. ಸಡಿಲ ಕಾಲನ್ನು ಜಯಲತಾ ಹಿಡಿದಳು, ಬಿಸಿ ಉಂಡೆ ಕೊಳವೆಗೆ ಹೋಯಿತು, ಹಿಡಿ ತಿರುಗಿತು. ಬಿಳಿ ಎಳೆಗಳು ತಟ್ಟೆಗೆ ಇಳಿದವು. ಮೂರನೆಯ ಉಂಡೆಗೆ ಕಾಲು ಪೂರ್ತಿ ಕಳಚಿ ಬಂತು. ಆದರೆ ಅಷ್ಟರಲ್ಲಿ ಪೊಲೀಸ್ ಇಲಾಖೆಯ ಬಾಯಿಗೆ ಬೆಲ್ಲದ ಕಾಯಿಹಾಲಿನೊಂದಿಗೆ ಶ್ಯಾವಿಗೆ ಬಿದ್ದಿತ್ತು.

"ಮಸ್ತ್! ಏನಂತಾರೆ ಇದಕ್ಕೆ? ನಿಧಾನ ಹೇಳಿ, ರಿಪೋರ್ಟಿಗೆ ಬೇಕು."

ಗೆದ್ದ ಉಮೇದಿನಲ್ಲಿ ಅವಳು ಬಿಡಿಸಿಬಿಡಿಸಿ ಹೇಳಿದಳು. ಅವನು ತನ್ನ ಫೋನಿನಲ್ಲಿ ಬರೆದುಕೊಂಡ, ಅವಳದನ್ನು ವಾಪಸು ಕೊಟ್ಟು ಹೊರಟ. ಗಂಟೆ ಮೂರು ಐವತ್ತೆಂಟು.

ಎರಡೇ ನಿಮಿಷ. ಗುಂಪು ತೆರೆದಳು.

'ಫಾಲ್ಕನ್: ಶ್ಯಾವಿಗೆ ಮಣೆ. ಉಡುಪಿ ಕಡೆಯದು. ಕಾಯಿಹಾಲಿನ ಜೊತೆ ಉತ್ತಮ.'

'ಸರಿಯೇ, ಶೆಟ್ಟಿ ಸರ್?' ಅಡ್ಮಿನ್ ಕೇಳಿದ್ದ.

ಅಲ್ಲ ಎನ್ನಬಹುದಿತ್ತು. ಆದರೆ ಸಾಕ್ಷಿ ಫಾಲ್ಕನ್ನನ ಹೊಟ್ಟೆಯಲ್ಲೇ ಇತ್ತು. 'ಸರಿ,' ಎಂದು ಬರೆದು ಬಾಲ್ಕನಿಗೆ ಓಡಿದಳು.

ಕೆಳಗೆ ಬೈಕಿನ ಪಕ್ಕ ನಿಂತಿದ್ದ ಸುನಿಲ ತಲೆಯೆತ್ತಿ, ಕಾಲು ಜೋಡಿಸಿ, ಪಕ್ಕಾ ಸೆಲ್ಯೂಟ್ ಹೊಡೆದ. "ಶೆಟ್ಟಿ ಸರ್!"

ಮುರಿದ ಕಾಲನ್ನು ಹಿಡಿದೇ ಹಿಂದೆ ಬಂದಿದ್ದ ಜಯಲತಾ ಬೆರಗಾದಳು. "ನೋಡಿ ಅಕ್ಕಾ, ಭಾವ ಮನೆಯಲ್ಲಿ ಇಲ್ಲದಿದ್ರೂ ಅವರಿಗೆ ಪೊಲೀಸರ ಹತ್ರ ಎಷ್ಟು ಮರ್ಯಾದೆ!"